ಕಾರು ವಾಪಸ್ ಕೊಡಿ, ಆದರೆ ಬರವಣಿಗೆಯಲ್ಲಿ

ಬ್ರಿಟನ್ನಿನಲ್ಲಿ ಪಿಸಿಪಿ (ತಿಂಗಳ ಕಂತು ಕಟ್ಟಿ, ಕೊನೆಗೊಂದು ದೊಡ್ಡ ಮೊತ್ತ ಕೊಟ್ಟರೆ ಮಾತ್ರ ಕಾರು ನಿಮ್ಮದಾಗುವ ಸಾಲ) ಮೇಲೆ ಕಾರು ತಗೊಂಡಿದ್ದೀರಿ, ಮೇಲೆ ಕಾರ್ಡ್ ಸಾಲ ಬೇರೆ, ಕೀಲಿ ಕೊಟ್ಟು ಕೈ ತೊಳೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ಕೊಡಬಹುದು. ಆದರೆ ಸುಮ್ನೆ ಕೊಟ್ಟು ಬರಬೇಡಿ.

1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟ್‌ನ 99ನೇ ಸೆಕ್ಷನ್ ಪ್ರಕಾರ, ಕೊನೆಯ ಕಂತಿನ ಗಡುವಿಗೆ ಮುಂಚೆ ಯಾವಾಗ ಬೇಕಾದರೂ ಒಪ್ಪಂದವನ್ನು ನೀವೇ ಮುಗಿಸಬಹುದು. ಇದು ವಾಲಂಟರಿ ಟರ್ಮಿನೇಷನ್. ಆಗ ನಿಮ್ಮ ಹೊಣೆ ಸಾಮಾನ್ಯವಾಗಿ ಒಟ್ಟು ಮೊತ್ತದ ಅರ್ಧಕ್ಕೆ ನಿಲ್ಲುತ್ತದೆ, ಕಾರಿಗೆ ಡ್ಯಾಮೇಜ್ ಇದ್ದರೆ ಅದು ಬೇರೆ. ಒಟ್ಟು ಅಂದರೆ ಬಡ್ಡಿ, ಕೊನೆಯ ಆ ದೊಡ್ಡ ಬಲೂನ್ ಪೇಮೆಂಟ್ ಎಲ್ಲ ಸೇರಿ, ಹಾಗಾಗಿ ಪಿಸಿಪಿಯಲ್ಲಿ ಅರ್ಧ ಮುಟ್ಟುವುದು ತುಂಬಾ ತಡ, ಇದನ್ನು ನೋಡಿ ಜನ ಗಾಬರಿಯಾಗುತ್ತಾರೆ. ಅರ್ಧ ಆಗಿಲ್ಲವಾದರೆ ವ್ಯತ್ಯಾಸ ಸಾಲವಾಗಿ ಉಳಿಯುತ್ತದೆ, ಅದನ್ನು ಸ್ವಲ್ಪ ಸ್ವಲ್ಪ ಕಟ್ಟುತ್ತೇನೆ ಅಂತ ಮಾತಾಡಿ.

ಫೈನಾನ್ಸ್ ಕಂಪನಿಯವರು ಫೋನಿನಲ್ಲಿ "ವಾಲಂಟರಿ ಸರೆಂಡರ್" ಅಂದರೆ ಒಪ್ಪಬೇಡಿ! ಅದರಲ್ಲಿ ಕಾರನ್ನು ಹರಾಜು ಹಾಕಿ, ಉಳಿದ ಪೂರ್ತಿ ಬಾಕಿ ನಿಮ್ಮ ತಲೆಗೆ ಕಟ್ಟುತ್ತಾರೆ. ಸೆಕ್ಷನ್ ನಂಬರ್ ಹಾಕಿ ಪತ್ರ ಅಥವಾ ಇಮೇಲ್ ಕಳಿಸಿ, ಕಾರಿನ ಫೋಟೋ ತೆಗೆದಿಡಿ. ಕಂತು ತಪ್ಪಿ ಕಂಪನಿಯವರೇ ಒಪ್ಪಂದ ಮುರಿದರೆ ಈ ದಾರಿ ಮುಚ್ಚುತ್ತದೆ, ಅದಕ್ಕೇ ತಡ ಮಾಡಬೇಡಿ. ಮೂರನೇ ಒಂದು ಭಾಗ ಕಟ್ಟಿದ್ದರೆ ನಿಮ್ಮ ಒಪ್ಪಿಗೆ ಅಥವಾ ಕೋರ್ಟ್ ಆದೇಶ ಇಲ್ಲದೆ ಕಾರು ಎತ್ತಿಕೊಂಡು ಹೋಗುವಂತಿಲ್ಲ.

ಕಾರ್ಡ್ ಸಾಲಕ್ಕೆ ಸ್ಟೆಪ್‌ಚೇಂಜ್ ಅಥವಾ ನ್ಯಾಷನಲ್ ಡೆಟ್‌ಲೈನ್ ಎಂಬ ಸಾಲ ಸಲಹಾ ಸೇವೆಗಳ ಜೊತೆ ಮಾತಾಡಿ, ಎರಡೂ ಉಚಿತ. ಇಂಗ್ಲೆಂಡ್, ವೇಲ್ಸ್‌ನಲ್ಲಿದ್ದರೆ 60 ದಿನದ ಬ್ರೀದಿಂಗ್ ಸ್ಪೇಸ್ (ಸಾಲ ಕೊಟ್ಟವರು ವಸೂಲಿ ತಡೆಹಿಡಿಯಬೇಕಾದ ಅವಧಿ) ಬಗ್ಗೆಯೂ ಕೇಳಿ. ಅಂದಹಾಗೆ, ಇಲ್ಲಿಯವರೆಗೆ ಎಷ್ಟು ಕಟ್ಟಿದ್ದೀರಿ?