ಓದುಗರ ಪ್ರಶ್ನೆ: ಕೆಲಸ ಮಾಡುವ ಆರ್‌ಎನ್‌ಎಯನ್ನು ಹುಡುಕುವುದು, ಮೊಟಕು ಮಾಡುವುದು

ಪ್ರಶ್ನೆ: ಕಿಣ್ವದ ಹಾಗೆ ಕೆಲಸ ಮಾಡುವ ಆರ್‌ಎನ್‌ಎಯನ್ನು ಪ್ರಯೋಗಾಲಯದಲ್ಲಿ ‘ಆಯ್ದು’ ತೆಗೆಯುತ್ತಾರಂತೆ. ಅದು ಹೇಗಿರುತ್ತದೆ ಅಂತಲೇ ಗೊತ್ತಿಲ್ಲದೆ ಆಯುವುದು ಹೇಗೆ?

ಉತ್ತರ: ಗೊತ್ತಿಲ್ಲದಿದ್ದರೂ ಆಯಬಹುದು, ಅದೇ ಇದರ ಸೊಗಸು. ಇಂಥ ಆರ್‌ಎನ್‌ಎಗೆ ರೈಬೋಜೈಮ್ ಅಂತಾರೆ. ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ 1980ರ ದಶಕದ ಮೊದಲಲ್ಲಿ ಇವುಗಳನ್ನು ಜೀವಕೋಶಗಳಲ್ಲೇ ಕಂಡುಹಿಡಿದರು, 1989ರಲ್ಲಿ ನೊಬೆಲ್ ಬಂತು. ಪ್ರಯೋಗಾಲಯದಲ್ಲಿ ಹೊಸದನ್ನೇ ಹುಡುಕುವ ಕೆಲಸ ಶುರುವಾಗಿದ್ದು ಅದಾದ ಮೇಲೆ.

1993ರಲ್ಲಿ ಡೇವಿಡ್ ಬಾರ್ಟೆಲ್, ಜ್ಯಾಕ್ ಶೋಸ್ಟಾಕ್ ಮಾಡಿದ ಪ್ರಯೋಗವನ್ನೇ ನೋಡಿ. ನಡುವಿನ 220 ಅಕ್ಷರ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿ; ಎ, ಯು, ಜಿ, ಸಿ ಅಂತ ನಾಲ್ಕು ಬಗೆ) ಯದ್ವಾತದ್ವಾ ಇರುವ ಆರ್‌ಎನ್‌ಎಗಳನ್ನು ತಯಾರಿಸಿದರು. ಎಷ್ಟು? ಸುಮಾರು ಹತ್ತು ಕೋಟಿ ಕೋಟಿ! ಕೊಟ್ಟ ಕೆಲಸ ಒಂದೇ: ಇನ್ನೊಂದು ಚಿಕ್ಕ ಆರ್‌ಎನ್‌ಎ ತುಂಡನ್ನು ನಿನ್ನ ತುದಿಗೆ ನೀನೇ ಅಂಟಿಸಿಕೋ. ಅಂಟಿಸಿಕೊಂಡದ್ದಕ್ಕೆ ಆ ತುಂಡೇ ಗುರುತು, ಅದನ್ನು ಹಿಡಿದುಕೊಳ್ಳುವ ಕಾಲಮ್ ಮೂಲಕ ಹಾಯಿಸಿದರೆ ಗೆದ್ದವು ಉಳಿಯುತ್ತವೆ, ಮಿಕ್ಕವು ತೊಳೆದುಹೋಗುತ್ತವೆ. ಉಳಿದವನ್ನು ಡಿಎನ್‌ಎಗೆ ನಕಲು ಮಾಡಿ, ಪಿಸಿಆರ್‌ನಲ್ಲಿ (ಡಿಎನ್‌ಎಯ ಅಸಂಖ್ಯ ಪ್ರತಿ ಮಾಡುವ ವಿಧಾನ) ಹೆಚ್ಚಿಸಿ, ಮತ್ತೆ ಆರ್‌ಎನ್‌ಎ ಮಾಡಿ ಮುಂದಿನ ಸುತ್ತಿಗೆ ಬಿಡುತ್ತಾರೆ. ನಡುವೆ ಬೇಕಂತಲೇ ಒಂದಿಷ್ಟು ತಪ್ಪು ನಕಲು ಆಗುವಂತೆಯೂ ಮಾಡುತ್ತಾರೆ, ಇನ್ನೂ ಚುರುಕಾದದ್ದು ಹುಟ್ಟಲಿ ಅಂತ. ಹತ್ತು ಸುತ್ತು ಮುಗಿಯುವಷ್ಟರಲ್ಲಿ, ಯಾವ ನೆರವೂ ಇಲ್ಲದೆ ನಡೆಯುವುದಕ್ಕಿಂತ ಸುಮಾರು 70 ಲಕ್ಷ ಪಟ್ಟು ವೇಗವಾಗಿ ಅಂಟಿಸುವ ಆರ್‌ಎನ್‌ಎಗಳು ಸಿಕ್ಕವು.

ಪ್ರೋಟೀನ್‌ನಲ್ಲಿ ಇದು ಇಷ್ಟು ಸುಲಭ ಅಲ್ಲ, ಯಾಕೆಂದರೆ ಅಲ್ಲಿ ಕೆಲಸ ಮಾಡುವುದು ಪ್ರೋಟೀನ್, ಅದನ್ನು ಮತ್ತೆ ತಯಾರಿಸಲು ಬೇಕಾದ ಬರಹ ಇರುವುದು ಡಿಎನ್‌ಎ ಅಥವಾ ಆರ್‌ಎನ್‌ಎಯಲ್ಲಿ. ಆರ್‌ಎನ್‌ಎಯಲ್ಲಿ ಎರಡೂ ಒಂದೇ ಅಣು. ಗೆದ್ದದ್ದನ್ನು ಹಿಡಿದರೆ ಅದರ ಬರಹವೂ ಕೈಗೆ ಬಂತು.

ಪ್ರಶ್ನೆ: ಅಷ್ಟು ಕಷ್ಟಪಟ್ಟು ಪಡೆದದ್ದನ್ನು ಆಮೇಲೆ ಕತ್ತರಿಸಿ ಚಿಕ್ಕದು ಮಾಡುತ್ತಾರಂತೆ. ಯಾಕೆ? ಕೆಟ್ಟುಹೋಗುವುದಿಲ್ವಾ?

ಉತ್ತರ: ಕೆಡಬಹುದು. ಆದರೂ ಮಾಡಲೇಬೇಕು, ಏಕೆಂದರೆ ಆಯ್ಕೆ ಕೇಳುವುದು ‘ಕೆಲಸ ಆಯ್ತಾ’ ಅಂತ ಮಾತ್ರ. ನಿನ್ನ ಪ್ರತಿ ಅಕ್ಷರವೂ ಬೇಕಾ ಅಂತ ಅದು ಕೇಳುವುದೇ ಇಲ್ಲ. ಎರಡು ತುದಿಯಲ್ಲೂ ಪಿಸಿಆರ್‌ಗೆಂದು ನಾವೇ ಸೇರಿಸಿದ ಭಾಗ ಇರುತ್ತದೆ, ನಡುವೆ ಸುಮ್ನೆ ಜೊತೆಗೆ ಬಂದ ಭಾಗಗಳೂ ಇರುತ್ತವೆ. ಯಾವ ಭಾಗ ನಿಜವಾಗಿ ದುಡಿಯುತ್ತಿದೆ ಅಂತ ತಿಳಿಯದೆ ಆ ರೈಬೋಜೈಮ್ ನಮಗೆ ಅರ್ಥವಾಗಿದೆ ಎನ್ನಲು ಆಗುವುದಿಲ್ಲ, ಅಲ್ವಾ?

ತಯಾರಿಕೆಯ ಲೆಕ್ಕವೂ ಇದೆ. ರಾಸಾಯನಿಕವಾಗಿ ಒಂದೊಂದೇ ಅಕ್ಷರ ಸೇರಿಸುವಾಗ ಪ್ರತಿ ಹೆಜ್ಜೆಯೂ ಶೇ 99 ಸರಿಯಾಯಿತು ಅನ್ನಿ. 45 ಅಕ್ಷರದ ಆರ್‌ಎನ್‌ಎ ಪೂರ್ತಿಯಾಗಿ ಸಿಗುವುದು ಸುಮಾರು ಶೇ 64, 150 ಅಕ್ಷರದ್ದು ಬರೀ ಶೇ 22.

ಕತ್ತರಿಸುವುದು ಕಣ್ಣುಮುಚ್ಚಿ ಅಲ್ಲ. ಒಂದು ತುದಿಗೆ ಗುರುತು ಹಾಕಿ, ಕ್ಷಾರದಲ್ಲಿ ಅಲ್ಲಲ್ಲಿ ಮುರಿಯುವಂತೆ ಮಾಡಿ, ಆ ತುಂಡುಗಳಿಗೇ ಕೆಲಸ ಕೊಡುತ್ತಾರೆ. ಇನ್ನೂ ಕೆಲಸ ಮಾಡುವ ತುಂಡುಗಳನ್ನು, ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ ಎಲ್ಲಿಯವರೆಗೆ ಕತ್ತರಿಸಬಹುದು ಅಂತ ಗಡಿ ಕಾಣುತ್ತದೆ. ಆರ್‌ಎನ್‌ಎ ಎಳೆ ತನ್ನ ಮೇಲೇ ಮಡಚಿಕೊಂಡಾಗ ಆಗುವ ಒಳಗಿನ ಉದ್ದನೆಯ ಕುಣಿಕೆಗಳ ಬದಲು ಜಿಎಎಎ ಥರದ ನಾಲ್ಕೇ ಅಕ್ಷರದ ಗಟ್ಟಿ ಕುಣಿಕೆ ಇಟ್ಟು ನೋಡುತ್ತಾರೆ. ಟೋಕಿಯೊದ ಹಿರೋಆಕಿ ಸುಗಾ ತಂಡದ ಫ್ಲೆಕ್ಸಿಜೈಮ್‌ಗಳು ಹೀಗೆ ಆಯ್ಕೆ, ಮೊಟಕು ಎರಡನ್ನೂ ದಾಟಿ ಬಂದವು. ಇರುವುದು 45-46 ಅಕ್ಷರ, ಆದರೆ ಪ್ರಕೃತಿಯಲ್ಲಿ ಬಳಕೆಯಾಗದ ಅಮೈನೋ ಆಮ್ಲವನ್ನೂ ಟಿಆರ್‌ಎನ್‌ಎಗೆ (ಪ್ರೋಟೀನ್ ಕಟ್ಟುವಲ್ಲಿಗೆ ಅಮೈನೋ ಆಮ್ಲ ಹೊತ್ತೊಯ್ಯುವ ಆರ್‌ಎನ್‌ಎ) ಹೊರಿಸುತ್ತವೆ. 2010ರಲ್ಲಿ ಮೈಕೆಲ್ ಯಾರಸ್ ತಂಡ ತೋರಿಸಿದ್ದು ಇನ್ನೂ ಪುಟ್ಟದು. ಐದೇ ಅಕ್ಷರ! ನನಗಂತೂ ಇದು ಈಗಲೂ ನಂಬಲಾಗದಷ್ಟು ಚೆಂದ.

ಆದರೆ ನಿಮ್ಮ ಅನುಮಾನವೂ ಸರಿ. ಆರ್‌ಎನ್‌ಎಯನ್ನು ಕತ್ತರಿಸುವ ಹ್ಯಾಮರ್‌ಹೆಡ್ ರೈಬೋಜೈಮ್ ಪ್ರಕೃತಿಯಲ್ಲೇ ಇರುವಂಥದ್ದು. ಅದರ ತಿರುಳನ್ನಷ್ಟೇ ಉಳಿಸಿಕೊಂಡು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹರಳುಗಟ್ಟಿಸಿ ನೋಡಿದಾಗ ಕಂಡ ಆಕಾರಕ್ಕೂ ಪ್ರಯೋಗದ ಫಲಿತಾಂಶಕ್ಕೂ ತಾಳೆಯೇ ಆಗುತ್ತಿರಲಿಲ್ಲ. 2003ರಲ್ಲಿ ಗೊತ್ತಾಯಿತು, ಬೇಡ ಅಂತ ಬಿಟ್ಟ ಹೊರಗಿನ ಕುಣಿಕೆಗಳು ಒಂದನ್ನೊಂದು ಹಿಡಿದು ತಿರುಳನ್ನು ಸರಿಯಾದ ಭಂಗಿಯಲ್ಲಿ ನಿಲ್ಲಿಸುತ್ತಿದ್ದವು. ಆರ್‌ಎನ್‌ಎ ಮಡಚಿಕೊಂಡು ನಿಲ್ಲಲು ಮೆಗ್ನೀಶಿಯಂ ನೆರವಾಗುತ್ತದೆ; ಆ ಕುಣಿಕೆಗಳು ಇದ್ದರೆ ಜೀವಕೋಶದಲ್ಲಿರುವಷ್ಟು ಕಡಿಮೆ ಮೆಗ್ನೀಶಿಯಂನಲ್ಲೂ ಕೆಲಸ ಚೆನ್ನಾಗಿ ನಡೆಯುತ್ತದೆ. 2006ರಲ್ಲಿ ಪೂರ್ಣ ಉದ್ದದ ರಚನೆ ಬಂದ ಮೇಲೆ ಆ ಗೊಂದಲ ಬಹುಪಾಲು ಬಗೆಹರಿಯಿತು. ಅದಕ್ಕೇ ಮೊಟಕು ಮಾಡಿದ್ದನ್ನು ಮೆಗ್ನೀಶಿಯಂ ಜಾಸ್ತಿ ಇರುವ ದ್ರಾವಣದಲ್ಲಿ ಮಾತ್ರ ಪರೀಕ್ಷಿಸಿ ‘ಏನೂ ಕಳೆದುಕೊಂಡಿಲ್ಲ’ ಎಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಯಾರೂ ಕತ್ತರಿಸದೆ ತಾನಾಗೇ ಚಿಕ್ಕದಾಗಬಹುದಾ?

ಉತ್ತರ: ಆಗುತ್ತದೆ. 1967ರಲ್ಲಿ ಸೋಲ್ ಸ್ಪೀಗಲ್‌ಮನ್ ತಂಡ ಒಂದು ವೈರಸ್ಸಿನ ಆರ್‌ಎನ್‌ಎಯನ್ನು ಅದರ ನಕಲು ಕಿಣ್ವದ ಜೊತೆ ಪ್ರನಾಳದಲ್ಲಿಟ್ಟು, ಬೇಗ ನಕಲಾದದ್ದನ್ನು ಮತ್ತೆ ಮತ್ತೆ ಹೊಸ ಪ್ರನಾಳಕ್ಕೆ ಸಾಗಿಸಿತು. 74 ಸಲ ಸಾಗಿಸುವಷ್ಟರಲ್ಲಿ ಆರ್‌ಎನ್‌ಎ ತನ್ನ ಶೇ 83 ಭಾಗವನ್ನು ಕಳೆದುಕೊಂಡಿತ್ತು. ಸೋಂಕು ತರುವ ಶಕ್ತಿ ಹೋಗಿತ್ತು, ನಕಲಾಗುವ ವೇಗ ಮಾತ್ರ ಏರಿತ್ತು. ರೈಬೋಜೈಮ್ ಹುಡುಕುವವರಿಗೂ ಇದೇ ಕಾಟ: ಕೆಲಸವೇ ಮಾಡದ ಗಿಡ್ಡ ತುಂಡುಗಳು ಪಿಸಿಆರ್‌ನಲ್ಲಿ ಬೇಗ ಬೆಳೆದು ಇಡೀ ಪ್ರನಾಳ ತುಂಬಿಕೊಳ್ಳುತ್ತವೆ. ಹಾಗಾಗಿ ಸುತ್ತುಗಳ ನಡುವೆ ಜೆಲ್‌ನಲ್ಲಿ ಓಡಿಸಿ, ಸರಿಯಾದ ಉದ್ದದ ಪಟ್ಟಿಯನ್ನಷ್ಟೇ ಕತ್ತರಿಸಿಕೊಂಡು ಮುಂದೆ ಹೋಗುತ್ತಾರೆ.