ನಾಲ್ಕೂವರೆಗೆ ಏಳೋದು ಬಿಡಿ, ಮೊದಲು ಮಲಗುವ ಹೊತ್ತು ಹೇಳಿ

"ಬೆಳಗ್ಗೆ ಎದ್ದ ಕೂಡಲೇ ಮನಸ್ಸು ಮಂಕಾಗಿರುತ್ತೆ. ನಾಲ್ಕೂವರೆಗೆ ಎದ್ದು ಧ್ಯಾನ, ವ್ಯಾಯಾಮ, ಡೈರಿ ಶುರುಮಾಡಿ ಮೂರು ಸಲ ಕೈಬಿಟ್ಟೆ. ಶಿಸ್ತು ಬರಿಸಿಕೊಳ್ಳೋದು ಹೇಗೆ?" ಅಂತ ಕೇಳಿದ್ದೀರಿ. ಓದುತ್ತಾ ಕೈ ತಣ್ಣಗಾಯಿತು. 2019ರ ಜನವರಿಯಲ್ಲಿ ನಾನು ನನ್ನ ಹೆಂಡತಿಗೆ ಹೇಳಿದ್ದು ಹೆಚ್ಚುಕಮ್ಮಿ ಇದೇ ಮಾತು.

ಮೊದಲೇ ಹೇಳಿಬಿಡ್ತೀನಿ, ನಿಮಗೆ ಶಿಸ್ತು ಕಮ್ಮಿ ಇಲ್ಲ. ಮೂರು ಸಲ ಶುರುಮಾಡಿದವರಿಗೆ ಶಿಸ್ತು ಇಲ್ಲ ಅಂತ ನಾನು ಒಪ್ಪಲ್ಲ. ನೀವು ಹಿಡಿದಿರೋದು ಹಗ್ಗದ ತಪ್ಪು ತುದಿ. ನಾನೂ ಅದನ್ನೇ ಹಿಡಿದು ಮೂರು ನಾಲ್ಕು ತಿಂಗಳು ಜಗ್ಗಿದ್ದೆ.

2018ರ ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು, ರಾತ್ರಿಗಳೆಲ್ಲ ನನ್ನ ಪಾಳಿ. ತಿಥಿ ಮುಗಿಸಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹಗಲು ಹೇಗೋ ಕಳೆಯುತ್ತಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ, ಕೆಲಸಕ್ಕೆ ಬರ ಇರಲಿಲ್ಲ. ಆದರೆ ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಎದೆ ಮೇಲೆ ಅಕ್ಕಿಮೂಟೆ ಇಟ್ಟ ಹಾಗೆ. ಹಲ್ಲುಜ್ಜುವುದೂ ಬೆಟ್ಟ ಹತ್ತಿದಂತೆ. ಸ್ನೇಹಿತರೊಬ್ಬರು ವಿಡಿಯೋಗಳನ್ನು ಕಳಿಸತೊಡಗಿದರು: ಯಶಸ್ಸು ಕಂಡವರೆಲ್ಲ ನಾಲ್ಕೂವರೆಗೆ ಏಳುತ್ತಾರೆ, ಬ್ರಾಹ್ಮೀ ಮುಹೂರ್ತದಲ್ಲಿ ಎದ್ದವನ ಮನಸ್ಸು ಹೂವಿನಂತಿರುತ್ತೆ ಅಂತ. ನನ್ನ ಅಜ್ಜಿಯೂ ನಾಲ್ಕೂವರೆಗೇ ಏಳುತ್ತಿದ್ದಳಲ್ಲ ಅನ್ನಿಸಿತು. ಜನವರಿ ಒಂದರಿಂದ ಶುರು. 4.30ಕ್ಕೆ ಅಲಾರಂ, ಹಾಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿ ಚಾಪೆ ಹಾಸಿ ಹನ್ನೆರಡು ಸೂರ್ಯನಮಸ್ಕಾರ, ಇಪ್ಪತ್ತು ನಿಮಿಷ ಧ್ಯಾನ, ಎರಡು ಪುಟ ಡೈರಿ.

ನಾನು ಮಾಡಿದ ತಪ್ಪು ಇಲ್ಲೇ ಇದೆ. ಏಳುವ ಹೊತ್ತನ್ನು ಎರಡು ಗಂಟೆ ಮುಂಚೆ ತಂದೆ, ಮಲಗುವ ಹೊತ್ತನ್ನು ಮುಟ್ಟಲೇ ಇಲ್ಲ.

ಹೇಳಿದರೆ ಚಿಕ್ಕ ವಿಷಯ ಅನ್ನಿಸುತ್ತೆ. ಹಾಗಾಗಿ ಬಿಡಿಸಿ ಹೇಳ್ತೀನಿ, ದಯವಿಟ್ಟು ಓದಿ. ನಾನು ಮನೆ ಸೇರುತ್ತಿದ್ದದ್ದು ರಾತ್ರಿ ಎಂಟೂವರೆಗೆ. ಊಟ ಆಗಿ ಮಗಳು ಮಲಗುವಾಗ ಒಂಬತ್ತೂವರೆ. ಆಮೇಲೆ ಕತ್ತಲಲ್ಲಿ ಫೋನ್ ಹಿಡಿದು ಹನ್ನೆರಡರವರೆಗೆ. ಫೋನ್ ಚಟ ಅಂತ ಬೈದುಕೊಳ್ಳುತ್ತಿದ್ದೆ. ಅದಲ್ಲ ಕಾರಣ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಕಾರಿಡಾರು ಬರುತ್ತಿತ್ತು, ಆ ಫಿನಾಯಿಲ್ ವಾಸನೆ ಸಮೇತ. ಅದನ್ನು ನೋಡಬಾರದು ಅಂತ ನಿದ್ದೆ ತಾನಾಗಿ ಬಂದು ಬೀಳಿಸುವ ತನಕ ಏನಾದರೊಂದು ನೋಡುತ್ತಿದ್ದೆ. ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ನಾಲ್ಕೂವರೆ ಗಂಟೆ ನಿದ್ದೆ. ವಾರಕ್ಕೆ ಆರು ದಿನ. ಭಾನುವಾರ ಹತ್ತೂವರೆವರೆಗೆ ಬಿದ್ದುಕೊಂಡಿರುತ್ತಿದ್ದೆ, ಆ ರಾತ್ರಿ ಒಂದಾದರೂ ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಸೋಮವಾರ ಮತ್ತೆ ಅಲಾರಂ.

ನಿದ್ದೆ ಇಡೀ ರಾತ್ರಿ ಒಂದೇ ತರ ಇರಲ್ಲ, ಇದು ನನಗೆ ಆಮೇಲೆ ತಿಳಿದದ್ದು. ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಬರುತ್ತೆ. ಗಾಢ ನಿದ್ದೆ ಹೆಚ್ಚಾಗಿ ಮೊದಲ ಸುತ್ತುಗಳಲ್ಲಿ, ಕನಸು ಹೆಚ್ಚು ಬೀಳುವ ರೆಮ್ ನಿದ್ದೆ ಹೆಚ್ಚಾಗಿ ಕೊನೆಯ ಸುತ್ತುಗಳಲ್ಲಿ. ಮನಸ್ಸಿಗೆ ತಟ್ಟಿದ್ದನ್ನು ಜೀರ್ಣಿಸಿಕೊಳ್ಳುವ ಕೆಲಸದಲ್ಲಿ ಈ ರೆಮ್ ನಿದ್ದೆಗೆ ದೊಡ್ಡ ಪಾಲಿದೆ ಅಂತ ನಿದ್ದೆಯ ಬಗ್ಗೆ ಕೆಲಸ ಮಾಡುವವರು ಹೇಳುತ್ತಾರೆ. ಅಪ್ಪನನ್ನು ಕಳೆದುಕೊಂಡ ಮೂರನೇ ತಿಂಗಳಲ್ಲಿ ನಾನು ದಿನಾ ಕತ್ತರಿಸಿ ಎಸೆಯುತ್ತಿದ್ದದ್ದು ಸರಿಯಾಗಿ ಆ ಭಾಗವನ್ನೇ. ಮನಸ್ಸು ಚೆನ್ನಾಗಾಗಲಿ ಅಂತ.

ಇನ್ನು ಅಜ್ಜಿಯ ವಿಷಯ. ಅವಳು ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದದ್ದು ನನಗೆ ನೆನಪಿತ್ತು, ಎಂಟೂವರೆಗೆ ಸೀಮೆಎಣ್ಣೆ ಬುಡ್ಡಿ ಆರಿಸಿ ಕಂಬಳಿ ಹೊದೆಯುತ್ತಿದ್ದದ್ದು ಮರೆತುಹೋಗಿತ್ತು. ಅವಳದ್ದು ಎಂಟು ಗಂಟೆ ನಿದ್ದೆ. ಬ್ರಾಹ್ಮೀ ಮುಹೂರ್ತವೂ ಗಡಿಯಾರದ ಹೊತ್ತಲ್ಲ, ಸೂರ್ಯೋದಯದ ಲೆಕ್ಕ. ಹುಟ್ಟುವುದಕ್ಕೆ 96 ನಿಮಿಷ ಮುಂಚೆ ಶುರು, 48 ನಿಮಿಷ ಇರುತ್ತೆ. ಜನವರಿ ಕೊನೆಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವಾಗ ಸುಮಾರು 6.45, ಅಂದರೆ ಮುಹೂರ್ತ ಶುರುವಾಗುವುದೇ 5.10ರ ಹತ್ತಿರ. ನಾನು ಎದ್ದು ಕೂರುತ್ತಿದ್ದದ್ದು ಶಾಸ್ತ್ರದ ಪ್ರಕಾರವೂ ಬರೀ ನಡುರಾತ್ರಿಯ ಬಾಲ.

ಇದರಿಂದ ಏನಾಯ್ತು ಕೇಳಿ. ಹಗಲಲ್ಲಿ ಕಣ್ಣು ಎಳೆಯುತ್ತೆ ಅಂತ ಐದಾರು ಕಾಫಿ, ಕೊನೆಯದು ಸಂಜೆ ಆರಕ್ಕೆ. ಕಾಫಿಯ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಹಾಗಾಗಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಕಾಫಿ ಒಳಗೇ ಇರುತ್ತಿತ್ತು. ಮಾರ್ಚಿನಲ್ಲಿ ಜಿಎಸ್‌ಟಿ ರಿಟರ್ನ್ ಹಾಕುವಾಗ ಒಂದೇ ಸಪ್ಲೈಯರ್‌ನ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಎರಡು ಸಲ ತೆಗೆದುಕೊಂಡೆ. ಹದಿನಾರು ವರ್ಷದಲ್ಲಿ ಅಂಥ ತಪ್ಪು ನನ್ನ ಕೈಯಲ್ಲಿ ಆಗಿರಲಿಲ್ಲ. ಆಡಿಟರ್ ಹಿಡಿದರು, ಕಂಪನಿ ಬಡ್ಡಿ ಸಮೇತ ಕಟ್ಟಿತು, ಆ ವರ್ಷದ ನನ್ನ ಇನ್‌ಕ್ರಿಮೆಂಟ್ ಹೋಯಿತು. ಹೋಗಲಿ, ಅದು ದುಡ್ಡು.

ಫೆಬ್ರವರಿಯ ಒಂದು ಬೆಳಗ್ಗೆ ಐದಕ್ಕೆ ಮಗಳು ಎದ್ದು ಬಂದಳು. ಆಗ ಅವಳಿಗೆ ಆರು ವರ್ಷ. ಕೆಟ್ಟ ಕನಸು ಬಿದ್ದಿತ್ತಂತೆ, ಅಪ್ಪಾ ಅಂತ ಬಂದು ತೊಡೆ ಮೇಲೆ ಕೂರಲು ನೋಡಿದಳು. ನಾನು ಧ್ಯಾನಕ್ಕೆ ಕೂತಿದ್ದೆ. "ಈಗ ಅಪ್ಪನ ಟೈಮು, ಹೋಗಿ ಮಲ್ಕೋ" ಅಂತ ಕೂಗಿದೆ. ಬೀದಿಗೆ ಕೇಳುವಷ್ಟು ಜೋರಾಗಿ. ಅವಳು ಅಳಲಿಲ್ಲ, ಹಿಂದೆ ಹಿಂದೆ ಹೆಜ್ಜೆ ಇಟ್ಟು ರೂಮಿಗೆ ಹೋದಳು. ಆಮೇಲೆ ಎಷ್ಟೋ ತಿಂಗಳು ಕನಸು ಬಿದ್ದರೆ ಅಮ್ಮನ ಹತ್ತಿರ ಮಾತ್ರ ಹೋದಳು. ಮನಸ್ಸು ಹಗುರಾಗಲಿ ಅಂತ ಕೂತ ಹೊತ್ತಿನಲ್ಲಿ ನಾನು ಮಾಡಿದ್ದು ಇದು. ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲೇಬೇಕು ಅನ್ನಿಸಿದ್ದೂ ಇದಕ್ಕೇ.

ಏಪ್ರಿಲಿನಲ್ಲಿ ಹೆಂಡತಿ ಬಲವಂತ ಮಾಡಿ ನಮ್ಮ ಏರಿಯಾದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಥೈರಾಯ್ಡ್, ಬಿ12, ಡಿ ವಿಟಮಿನ್ ಪರೀಕ್ಷೆಗೆ ಬರೆದುಕೊಟ್ಟು, ಎಷ್ಟು ಹೊತ್ತಿಗೆ ಮಲಗ್ತೀರಿ ಅಂತ ಕೇಳಿದರು. ಹನ್ನೆರಡು ಆಗುತ್ತೆ ಮೇಡಂ ಅಂದೆ.

"ಮಗಳನ್ನ ಎಷ್ಟು ಗಂಟೆಗೆ ಮಲಗಿಸ್ತೀರಿ?"

"ಒಂಬತ್ತೂವರೆಗೆ."

"ಒಂದು ವಾರ ಅವಳನ್ನ ಹನ್ನೆರಡಕ್ಕೆ ಮಲಗಿಸಿ ನಾಲ್ಕೂವರೆಗೆ ಎಬ್ಬಿಸ್ತೀರಾ?"

"ಛೇ, ಅದು ಹೇಗೆ ಮೇಡಂ?"

"ಮತ್ತೆ ನಿಮಗೆ ಹೇಗೆ?"

ಅಷ್ಟೇ ಅವರು ಹೇಳಿದ್ದು. ಬಿ12 ಕಮ್ಮಿ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಮೂರು ವಾರ ಅಲಾರಂ 6.15ಕ್ಕೆ ಇಡಿ, ಎದ್ದ ಮೇಲೆ ಫೋನ್ ಮುಟ್ಟುವ ಮುಂಚೆ ಮನೆಯಿಂದ ಹೊರಗೆ ಕಾಲಿಡಿ, ಭಾನುವಾರವೂ ಇದೇ ಹೊತ್ತು ಅಂದರು.

ರಾತ್ರಿಯನ್ನು ಸರಿಪಡಿಸಿದ್ದು ಹೀಗೆ. ಮೂರು ನಾಲ್ಕು ದಿನಕ್ಕೊಮ್ಮೆ ಮಲಗುವ ಹೊತ್ತನ್ನು ಕಾಲು ಗಂಟೆ ಹಿಂದಕ್ಕೆ ತಂದೆ. ಚಾರ್ಜರ್ ಅಡುಗೆಮನೆಗೆ ಹೋಯಿತು. ಎರಡು ಗಂಟೆಯ ಮೇಲೆ ಕಾಫಿ ಇಲ್ಲ. ಇವೆಲ್ಲ ಸುಲಭ. ಕಷ್ಟದ್ದು ಆ ಕಾರಿಡಾರು. ಮೂರನೇ ರಾತ್ರಿ ತಡೆಯಲಾಗದೆ ದೀಪ ಆರಿಸಿದ ಮೇಲೆ ಹೆಂಡತಿಗೆ ಹೇಳಿದೆ, ಕಣ್ಣು ಮುಚ್ಚಿದರೆ ಏನು ಕಾಣುತ್ತೆ ಅಂತ. ಅಪ್ಪ ಕೊನೆಯ ದಿನ ನೀರು ಕೇಳಿದ್ದು, ಕೊಡಬಾರದು ಅಂತ ನರ್ಸ್ ಹೇಳಿದ್ದು, ನಾನು ಕೊಡದೆ ಇದ್ದದ್ದು. ಆರು ತಿಂಗಳಾಗಿತ್ತು, ಅವತ್ತು ಅತ್ತುಬಿಟ್ಟೆ. ಆಮೇಲೆ ದಿನಾ ರಾತ್ರಿ ಹತ್ತು ನಿಮಿಷ ಅಪ್ಪನ ಮಾತು ನಮ್ಮಲ್ಲಿ ಬರುತ್ತಿತ್ತು. ಅಡಿಕೆ ತೋಟ, ಅವರ ಸೈಕಲ್ಲು, ಅವರ ಕೋಪ. ಮೇ ಹೊತ್ತಿಗೆ ಹತ್ತೂಕಾಲಕ್ಕೆ ನಿದ್ದೆ ತಾನೇ ಬರತೊಡಗಿತು. ನಿಮ್ಮನ್ನು ರಾತ್ರಿ ಎಚ್ಚರ ಇಡುತ್ತಿರೋದು ಏನು, ನನಗೆ ಗೊತ್ತಿಲ್ಲ. ಆದರೆ ಏನೋ ಒಂದು ಇರುತ್ತೆ. ಮೂರು ಡೈರಿ ತುಂಬಿಸುವುದಕ್ಕಿಂತ ಅದನ್ನು ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳುವುದು ಮೇಲು ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಬೆಳಗಿನ ವಿಷಯಕ್ಕೆ ಬರ್ತೀನಿ. ನಮ್ಮದು ಬೆಂಗಳೂರಿನ ಶ್ರೀನಗರದಲ್ಲಿ 20×30 ಸೈಟಿನ ಮನೆ, ಕೆಳಗಿನ ಭಾಗ ನಮಗೆ ಬಾಡಿಗೆಗೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತೆ. ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಡಾಕ್ಟರಮ್ಮ ಹೊರಗೆ ಹೋಗಿ ಅಂದದ್ದು ಯಾಕೆ ಅಂತ ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದೆ. ಹಾಲ್‌ನಲ್ಲಿ 90 ಲಕ್ಸ್. ಏಳು ಗಂಟೆಗೆ ಗೇಟಿನಾಚೆ ಐದು ಸಾವಿರ ದಾಟಿತು. ನಮ್ಮ ಕಣ್ಣು ಎರಡನ್ನೂ ಬೆಳಕು ಅಂತಲೇ ತೋರಿಸುತ್ತೆ, ಅದಕ್ಕೇ ಗೊತ್ತಾಗಲ್ಲ. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕಲ್ಲದೆ ಹೊತ್ತು ತಿಳಿಯುವುದಕ್ಕೇ ಇರುವ ಜೀವಕೋಶಗಳಿವೆ, ಅವು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತವೆ. (ಜೀವಿಗಳ ಒಳಗಿನ ಈ ದಿನಚರಿಯ ಗಡಿಯಾರ ಹೇಗೆ ಓಡುತ್ತೆ ಅಂತ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.) ಬೆಳಗಿನ ಬೆಳಕು ಬಿದ್ದರೆ ರಾತ್ರಿಯ ನಿದ್ದೆಯೂ ಬೇಗ ಬರುತ್ತೆ. ಟ್ಯೂಬ್‌ಲೈಟಿನ ಕೆಳಗೆ ಧ್ಯಾನ ಮಾಡುತ್ತಿದ್ದ ನನ್ನ ಗಡಿಯಾರಕ್ಕೆ ಬೆಳಗಾದದ್ದೇ ತಿಳಿದಿರಲಿಲ್ಲ.

ಆದರೆ ಸುಮ್ಮನೆ ಹೊರಗೆ ನಿಲ್ಲಲು ನನಗೆ ಆಗುತ್ತಿರಲಿಲ್ಲ, ಒಂದು ತರ ಮುಜುಗರ. ಹೆಂಡತಿ ದಿನಾ ಆರೂವರೆಗೆ ಬಾಗಿಲು ಗುಡಿಸಿ ನೀರು ಹಾಕಿ ರಂಗೋಲಿ ಇಡುತ್ತಿದ್ದಳು. ಗುಡಿಸೋದು ನೀರು ಹಾಕೋದು ನಾನು ಮಾಡ್ತೀನಿ, ನೀನು ಇನ್ನೊಂದು ಇಪ್ಪತ್ತು ನಿಮಿಷ ಮಲಗು ಅಂದೆ. ಪೊರಕೆ ಹಿಡಿದ ಮೇಲೆ ಹೊರಗಿರುವುದಕ್ಕೆ ಕಾರಣ ಸಿಕ್ಕಿತು. ಪಕ್ಕದ ಮನೆಯ ಯಜಮಾನರು ಬಿಎಂಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು, ಅವರೂ ಅದೇ ಹೊತ್ತಿಗೆ ಹೊರಗೆ. ಎಂಟು ವರ್ಷ ಅಕ್ಕಪಕ್ಕ ಇದ್ದು ಅವರ ಜೊತೆ ಸರಿಯಾಗಿ ಮಾತಾಡಿದ್ದು ಆವಾಗ. ಗುಡಿಸಿ ಆದ ಮೇಲೆ ನಂದಿನಿ ಬೂತ್‌ವರೆಗೆ ನಡೆದುಹೋಗಿ ನೀಲಿ ಪ್ಯಾಕೆಟ್ ಹಾಲು ತರುತ್ತೇನೆ. ಹೋಗಿಬರಲು ಹನ್ನೆರಡು ನಿಮಿಷ. ಮುಗಿಯಿತು ನನ್ನ ಮಾರ್ನಿಂಗ್ ರೊಟೀನು.

ಮೊದಲ ಎರಡು ವಾರ ಏನೂ ಆಗಲಿಲ್ಲ, ಇದನ್ನು ಮುಚ್ಚಿಡಲ್ಲ. ಎದೆಯ ಮೂಟೆ ಇದ್ದ ಹಾಗೇ ಇತ್ತು, ಅದನ್ನು ಹೊತ್ತುಕೊಂಡೇ ಗುಡಿಸಿದೆ. ಮೇ ತಿಂಗಳ ಮಧ್ಯದ ಒಂದು ದಿನ ನಮ್ಮ ಬೀದಿಯ ಹೊಂಗೆಮರದ ಹೂವು ಗೇಟಿನ ಮುಂದೆಲ್ಲ ಉದುರಿತ್ತು. ಗುಡಿಸಲು ಬಗ್ಗಿದವನು ನಿಂತುಬಿಟ್ಟೆ. ಮಗಳನ್ನು ಕರೆದು ತೋರಿಸಬೇಕು ಅನ್ನಿಸಿತು. ಏನನ್ನಾದರೂ ಯಾರಿಗಾದರೂ ತೋರಿಸಬೇಕು ಅಂತ ಅನ್ನಿಸಿ ಏಳು ತಿಂಗಳಾಗಿತ್ತು. ಕರೆದೆ. ಅವಳು ಕಣ್ಣುಜ್ಜಿಕೊಂಡು ಬಂದು, ಫ್ರಾಕಿನ ತುದಿಗೆ ಹೂವು ತುಂಬಿಕೊಂಡು ಒಳಗೆ ಓಡಿದಳು.

ಆದ್ದರಿಂದ "ಮನಸ್ಸು ಲವಲವಿಕೆಯಾಗಿಸುವ ದಿನಚರಿ" ಅಂತ ಹುಡುಕಬೇಡಿ ಅಂತ ನಾನು ಹೇಳೋದು. ಬೆಳಗ್ಗೆ ಎದ್ದು "ಈಗ ಖುಷಿ ಆಯ್ತಾ, ಈಗ ಆಯ್ತಾ" ಅಂತ ಮನಸ್ಸನ್ನು ಮುಟ್ಟಿ ಮುಟ್ಟಿ ನೋಡುವುದೇ ಒಂದು ಕಾಟ. ಯಾರಿಗಾದರೂ ಉಪಯೋಗಕ್ಕೆ ಬರುವ, ಹೊರಗೆ ಬೆಳಕಿನಲ್ಲಿ ಮಾಡುವ ಒಂದು ಸಣ್ಣ ಕೆಲಸ ಹಿಡಿಯಿರಿ. ಗಿಡಕ್ಕೆ ನೀರು, ಹಾಲು, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವುದು, ಯಾವುದಾದರೂ ಸರಿ. ಮನಃಶಾಸ್ತ್ರದವರು ಇದನ್ನು ಬಿಹೇವಿಯರಲ್ ಆಕ್ಟಿವೇಷನ್ ಅನ್ನುತ್ತಾರಂತೆ: ಮೊದಲು ಕೈಕಾಲು ಆಡಲಿ, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ ಅನ್ನುವ ದಾರಿ. ಮಳೆಗಾಲದಲ್ಲಿ ಮೋಡ ಕವಿದಿದ್ದರೂ ಹೋಗಿ, ಮೋಡದ ಬೆಳಕು ಕೂಡ ನಿಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಜಾಸ್ತಿ. ಧ್ಯಾನ ನನಗೂ ಇಷ್ಟ, ಈಗ ಸಂಜೆ ಮಾಡ್ತೀನಿ. ನೀವು ನೈಟ್ ಶಿಫ್ಟಿನವರಾದರೆ ಮಾತ್ರ ಈ ಲೆಕ್ಕ ಹೀಗೇ ಹೊಂದಲ್ಲ, ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ಬೆಳಗಿನ ಹೊತ್ತೇ ಹೆಚ್ಚು ಭಾರವಾಗಿದ್ದು, ಎರಡು ವಾರ ದಾಟಿದರೂ ಹಾಗೇ ಇದ್ದು, ಊಟ ರುಚಿಸದೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಪೊರಕೆ, ಹಾಲು ಸಾಲದು, ಚಿಕಿತ್ಸೆ ಬೇಕು. ಬದುಕುವುದೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದಿದ್ದರೂ ಎರಡು ವಾರ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಏಳುವ ಹೊತ್ತು ಇದೆ, ಮಲಗುವ ಹೊತ್ತು ಎಲ್ಲೂ ಇಲ್ಲ. ಅದನ್ನು ಬರೆದು ತಿಳಿಸಿ, ಆಮೇಲೆ ಮುಂದಿನದ್ದು ಮಾತಾಡೋಣ. ಈಗ ಹತ್ತು ಗಂಟೆ ಐದು ನಿಮಿಷ, ಫೋನ್ ಅಡುಗೆಮನೆಗೆ ಹೋಗುವ ಹೊತ್ತಾಯಿತು.