ಕಾಸರಗೋಡಿನಲ್ಲಿ ಎಂಟನೇ ಕ್ಲಾಸು ಓದುವ ಮಗನಿಗೆ ಪಾಠ ಬರುತ್ತದೆ, ಆದರೆ ಹೋಂವರ್ಕು, ಪುಸ್ತಕ ಎಲ್ಲ ಮರೆಯುತ್ತಾನೆ. ಟ್ಯೂಷನ್ ಹಾಕಿದರೆ ಸರಿಹೋಗುತ್ತಾ?

ಪಾಠದ ಟ್ಯೂಷನ್‌ನಿಂದ ಆಗುವುದಿಲ್ಲ. ಅವನಿಗೆ ಬೇಕಿರುವುದು ಕೆಲಸ ಶುರು ಮಾಡುವ, ನೆನಪಿಟ್ಟು ಮುಗಿಸುವ ಅಭ್ಯಾಸ. ಇದನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಸುಮ್ನೆ ಸೋಮಾರಿ ಅನ್ನಬೇಡಿ.

ಈ ಅಭ್ಯಾಸ ಕಲಿಸುವವರು ಮೊದಲು ಅವನ ಬ್ಯಾಗನ್ನೇ ಬಿಚ್ಚಿಸಬೇಕು. ಓಣಂ ಪರೀಕ್ಷೆಗೆ (ಕೇರಳದ ಶಾಲೆಗಳ ಮೊದಲ ಅವಧಿಯ ಪರೀಕ್ಷೆ) 3 ವಾರ ಇದೆ ಅಂದುಕೊಳ್ಳಿ. "ಸಮಾಜ ಓದು" ಅಂದರೆ ಎಲ್ಲಿಂದ ಹಿಡಿಯುವುದೆಂದೇ ಅವನಿಗೆ ತಿಳಿಯದು. "ಇವತ್ತು ಆರೂವರೆಗೆ, ಮೊದಲ ಪಾಠದ 2 ಪ್ರಶ್ನೆ" ಅಂದರೆ ಕೂರುತ್ತಾನೆ. ಎಷ್ಟು ಹೊತ್ತು ಬೇಕೆಂದು ಅವನೇ ಮೊದಲು ಬರೆಯಲಿ, ಮುಗಿಸಿ ಗಡಿಯಾರ ನೋಡಲಿ. ಇಂಥ ಮಕ್ಕಳು ಈ ಅಂದಾಜಿನಲ್ಲಿ ಆಗಾಗ ಎಡವುತ್ತಾರೆ. ಕ್ಯಾಲೆಂಡರು ಗೋಡೆಯಲ್ಲಿರಲಿ. ಮೊಬೈಲಿನಲ್ಲಿದ್ದರೆ ರೀಲ್ಸ್ ಪಾಲು, ಅಲ್ವಾ!

ಮನೆಯಲ್ಲೂ ಶಾಲೆಯಲ್ಲೂ 6 ತಿಂಗಳಿಗಿಂತ ಜಾಸ್ತಿ ಹೀಗೇ ಇದ್ದರೆ, ಎಡಿಎಚ್‌ಡಿ (ಗಮನ ಇಡಲು, ಸುಮ್ಮನೆ ಕೂರಲು ಕಷ್ಟವಾಗುವ ಸಮಸ್ಯೆ) ಇದೆಯಾ ಎಂದು ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಕೇಳಿ.